ದಖ್ಖನಿ ಮನೆಯ ಇಂಗ್ಲಿಷ್ ಪಾಠ

ರಾಯಚೂರು, ಮಾನ್ವಿ, ದೇವದುರ್ಗದ ಮುಸ್ಲಿಮರು ಇಂಗ್ಲಿಷಿನಲ್ಲಿ ಏಕೆ ಹಿಂದೆ ಬಿದ್ದರು ಎಂದು ಹೊರಗಿನವರೂ ಕೇಳುತ್ತಾರೆ, ನಾವೂ ಕೇಳಿಕೊಳ್ಳುತ್ತೇವೆ. ಉತ್ತರವಂತೂ ಸಿದ್ಧವಾಗಿಯೇ ಇರುತ್ತದೆ: ಉರ್ದುವಿನಲ್ಲಿ ಓದಿದರಲ್ಲ, ಅದಕ್ಕೇ. ಚರಿತ್ರೆಯನ್ನು ತುಸು ಕೆದಕಿದರೆ ಈ ಉತ್ತರ ನಿಲ್ಲುವುದಿಲ್ಲ.

ಇಂಗ್ಲಿಷ್ ನಮ್ಮ ಸೀಮೆಗೆ ತಡವಾಗಿ ಬಂದ ಅತಿಥಿಯೇನಲ್ಲ. ಕೃಷ್ಣಾ, ತುಂಗಭದ್ರೆಯರ ನಡುವಿನ ಈ ದೋಆಬ್ ಪ್ರದೇಶವನ್ನು ನಿಜಾಮರು 1853ರ ಒಪ್ಪಂದದಲ್ಲಿ ಕಂಪನಿಯ ಕೈಗೆ ಒಪ್ಪಿಸಿದ್ದರು. 1860ರಲ್ಲಿ ಅದು ಮರಳಿ ಬಂತು. 1871ರಲ್ಲಿ ಮುಂಬಯಿ ಕಡೆಯ ರೈಲು ದಾರಿಯೂ ಮದ್ರಾಸು ಕಡೆಯ ರೈಲು ದಾರಿಯೂ ರಾಯಚೂರಿನಲ್ಲೇ ಕೂಡಿಕೊಂಡವು. ಸ್ಟೇಷನ್, ಟಿಕೆಟ್, ಸಿಗ್ನಲ್ ಎಂಬ ಮಾತುಗಳಿಗೆ ನಮ್ಮ ಅಜ್ಜಿಯರು ಯಾವ ಶಾಲೆಗೂ ಹೋಗಬೇಕಾಗಲಿಲ್ಲ. ಆದರೆ ಕಚೇರಿಯ ಭಾಷೆ ಮಾತ್ರ ಬೇರೆಯೇ ಆಗಿತ್ತು. ಹೈದರಾಬಾದ್ ಸಂಸ್ಥಾನದಲ್ಲಿ 1884ರಲ್ಲಿ ಫಾರ್ಸಿಯ ಜಾಗಕ್ಕೆ ಉರ್ದು ಬಂತು. ದೇವದುರ್ಗದ ರೈತ ಯಾವ ಧರ್ಮದವನೇ ಇರಲಿ, ತಹಶೀಲಿಗೆ ಅರ್ಜಿ ಬರೆಸಲು ಉರ್ದು ಬಲ್ಲವರನ್ನು ಹುಡುಕಬೇಕಿತ್ತು. ಅನ್ನ ಉರ್ದುವಿನಲ್ಲಿರುವಾಗ ಇಂಗ್ಲಿಷಿನ ಹಸಿವು ಯಾರಿಗೆ?

ಪುಸ್ತಕಗಳ ಕಥೆಯೂ ಸ್ವಾರಸ್ಯಕರವಾಗಿದೆ. ಗಿಲ್‌ಕ್ರಿಸ್ಟ್ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳಿದ್ದು ಸಾಹೇಬರಿಗೆ. ಫಾಲನ್ 1879ರಲ್ಲಿ, ಪ್ಲಾಟ್ಸ್ 1884ರಲ್ಲಿ ಪ್ರಕಟಿಸಿದ ನಿಘಂಟುಗಳು ನಮ್ಮ ಮಾತಿಗೆ ಇಂಗ್ಲಿಷಿನಲ್ಲಿ ಅರ್ಥ ಹೇಳುವಂಥವು, ಅಂದರೆ ಮುಖ್ಯವಾಗಿ ನಮ್ಮ ಭಾಷೆ ಕಲಿಯಬಂದ ಇಂಗ್ಲಿಷರಿಗೆ ಆದವು. ಇಂಗ್ಲಿಷ್ ಓದಲು ಕುಳಿತ ಉರ್ದು ವಿದ್ಯಾರ್ಥಿಯ ಕೈಗೆ ಒಂದು ಘನವಾದ ನಿಘಂಟು ಸಿಕ್ಕಿದ್ದು 1937ರಲ್ಲಿ, ಅಂಜುಮನ್ ತರಕ್ಕಿ ಉರ್ದು ಪರವಾಗಿ ಮೌಲ್ವಿ ಅಬ್ದುಲ್ ಹಕ್ ಅವರು ಇಂಗ್ಲಿಷ್-ಉರ್ದು ನಿಘಂಟನ್ನು ಹೊರತಂದಾಗ. ಅಷ್ಟರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಬೆಳೆದು ನಿಂತಿತ್ತು. 1918ರಲ್ಲಿ ಫರ್ಮಾನು ಪಡೆದ ಈ ವಿಶ್ವವಿದ್ಯಾಲಯ ವೈದ್ಯಶಾಸ್ತ್ರವನ್ನೂ ಉರ್ದುವಿನಲ್ಲಿ ಕಲಿಸಿತು. ಇಂಗ್ಲಿಷನ್ನು ಮಾತ್ರ ಒಂದು ಭಾಷೆಯಾಗಿ ಎಲ್ಲರಿಗೂ ಕಡ್ಡಾಯ ಮಾಡಿತು. ಉರ್ದು ಮಾಧ್ಯಮ ಮತ್ತು ಇಂಗ್ಲಿಷ್ ಹಗೆಗಳೆಂದು ಇಂದು ವಾದಿಸುವವರು ಇದನ್ನು ನೆನೆಯಬೇಕು.

ತೊಡಕು ಇದ್ದದ್ದು ಬೇರೆ ಕಡೆ. ಇಂಗ್ಲಿಷ್ ವ್ಯಾಕರಣವನ್ನು ವಿವರಿಸುತ್ತಿದ್ದದ್ದು ದಿಲ್ಲಿ-ಲಖನೌದ ಉರ್ದು. ನಮ್ಮ ಮನೆಯಲ್ಲಿದ್ದದ್ದು ದಖ್ಖನಿ. ನಮ್ಮ ಮಗು ಇಂಗ್ಲಿಷ್ ಕಲಿಯುವ ಮೊದಲು ಆ ಉರ್ದುವನ್ನೇ ಕಲಿಯಬೇಕಿತ್ತು. ‘ಅಹ್ಮದ್ ರೋಟಿ ಖಾಯಾ’ ಎನ್ನುತ್ತದೆ ದಖ್ಖನಿ ಮಗು. ಅಲ್ಲ, ‘ಅಹ್ಮದ್ ನೆ ರೋಟಿ ಖಾಯೀ’ ಎಂದು ತಿದ್ದುತ್ತಾರೆ ಉಸ್ತಾದರು. ಅಲ್ಲಿ ಕ್ರಿಯಾಪದ ತಿಂದವನನ್ನು ಬಿಟ್ಟು ರೊಟ್ಟಿಯ ಲಿಂಗವನ್ನು ಹಿಡಿಯುತ್ತದೆ. ಮುಂದಿನ ಪೀರಿಯಡ್ಡು ಇಂಗ್ಲಿಷ್. ಅಲ್ಲಿ ಕ್ರಿಯಾಪದ ಮತ್ತೆ ತಿಂದವನ ಹಿಂದೆ! ಕನ್ನಡದಲ್ಲೂ ಹಾಗೆಯೇ: ಅಹ್ಮದ್ ತಿಂದ, ಫಾತಿಮಾ ತಿಂದಳು. ಯಾವ ಮಾತಿಗೆ ಮಗು ಬೈಸಿಕೊಂಡಿತೋ ಅದೇ ಇಂಗ್ಲಿಷಿಗೆ ಹತ್ತಿರವಿತ್ತು.

ಇಂಥವು ಇನ್ನೂ ಇವೆ. ಉರ್ದುವಿನ ‘ವೋ’ ಅವನೂ ಹೌದು, ಅವಳೂ ಹೌದು, ಅದೂ ಹೌದು. ಇಂಗ್ಲಿಷಿನ ಹೀ, ಶೀ, ಇಟ್ ಅನ್ನು ‘ವೋ’ದಿಂದ ಬಿಡಿಸಿ ಹೇಳುವುದು ಮೇಷ್ಟ್ರಿಗೆ ಕಷ್ಟ, ಬೀದಿಯ ಕನ್ನಡದಲ್ಲಿ ಅವನು, ಅವಳು, ಅದು ಸಾಲಾಗಿ ನಿಂತಿವೆ. ಉರ್ದುವಿನಲ್ಲಿ ಕಿತಾಬ್ ಹೆಣ್ಣು, ಕಲಮ್ ಗಂಡು. ಕನ್ನಡಕ್ಕೂ ಇಂಗ್ಲಿಷಿಗೂ ಎರಡೂ ಬರೀ ವಸ್ತು. ‘ಕಲ್’ ಎಂದರೆ ನಿನ್ನೆಯೂ ಆದೀತು, ನಾಳೆಯೂ ಆದೀತು. ಕನ್ನಡದ ಮೂಲಕ ಹೋದರೆ ಯೆಸ್ಟರ್‌ಡೇ, ಟುಮಾರೋಗಳಿಗೆ ಗೊಂದಲವೇ ಇಲ್ಲ. ಎಲ್ಲ ಕಡೆಯೂ ಕನ್ನಡ ಕೈಹಿಡಿಯುತ್ತದೆ ಎಂದಲ್ಲ. ‘ರಹೀಮ್ ನಾನು ಬರ್ತೀನಿ ಅಂತ ಹೇಳಿದ’ ಎನ್ನುವುದು ಕನ್ನಡ. ದಖ್ಖನಿಯೂ ‘ಬೋಲ್ಕೆ’ ಸೇರಿಸಿ ಇದೇ ಅಚ್ಚಿನಲ್ಲಿ ಹೇಳುತ್ತದೆ. ಪುಸ್ತಕದ ಉರ್ದು ‘ಕಿ’ ಹಾಕಿದರೂ ‘ನಾನು’ ಹಾಗೆಯೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಆ ‘ನಾನು’ ‘ಅವನು’ ಆಗದಿದ್ದರೆ ಬರುವವನು ರಹೀಮನಲ್ಲ, ಹೇಳುತ್ತಿರುವವನೇ! ಎ, ಆ್ಯನ್, ದಿ ವಿಷಯದಲ್ಲಂತೂ ಮೂರೂ ಮನೆಮಾತುಗಳು ಕೈಚೆಲ್ಲುತ್ತವೆ.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಕಚೇರಿಯಲ್ಲಿ ಉರ್ದುವಿನ ಆಸನ ಅಲ್ಲಾಡಿತು. ಉಸ್ಮಾನಿಯಾದಲ್ಲೂ ಬೋಧನೆ ಇಂಗ್ಲಿಷಿಗೆ ತಿರುಗಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಎಂಟೇ ವರ್ಷಗಳಲ್ಲಿ ಓದಿದವರ ಓದು ಚಲಾವಣೆ ತಪ್ಪಿದ ನಾಣ್ಯವಾಯಿತು. ಇದು ಮುಸ್ಲಿಮರ ಕಷ್ಟವಷ್ಟೇ ಅಲ್ಲ. ಉರ್ದುವಿನಲ್ಲೇ ಓದಿದ ಹಿಂದೂಗಳೂ ಇದ್ದರು. ರಾಯಚೂರಿನ ಶಾಂತರಸರು ತಮ್ಮ ಉರ್ದುವನ್ನು ಬಿಸಾಡದೆ ಕನ್ನಡಕ್ಕೆ ಗಜಲನ್ನು ತಂದರು. ಎದುರು ದಿಕ್ಕಿನಿಂದ ನಾವೂ ಹೀಗೆ ಮಾಡಬಹುದಿತ್ತು. ನಮ್ಮ ಉರ್ದು ಶಾಲೆಗಳಲ್ಲಿ ಕನ್ನಡ ಪರೀಕ್ಷೆ ಪಾಸಾಗುವ ವಿಷಯವಾಗಿ ಉಳಿಯಿತು. ಇಂಗ್ಲಿಷ್ ತರಗತಿಯೊಳಕ್ಕೆ ಅದನ್ನು ಯಾರೂ ಕರೆಯಲಿಲ್ಲ.

ರಾಜ್ಯದ ಸರ್ಕಾರಿ ಶಾಲೆಗಳಿಗೆ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಬಂತು. ಆದರೂ ಮಕ್ಕಳನ್ನು ಉರ್ದು ಶಾಲೆ ಬಿಡಿಸಿ ಕಾನ್ವೆಂಟಿಗೆ ಹಾಕುವ ಅವಸರ ನಿಂತಿಲ್ಲ. ಮನೆಮಾತಿನ ಅಕ್ಷರ ಬಾರದ, ಇಂಗ್ಲಿಷೂ ನೆಟ್ಟಗಾಗದ ಹುಡುಗರನ್ನು ನಾವು ಮೂರೂ ಊರುಗಳಲ್ಲಿ ನೋಡುತ್ತಿದ್ದೇವೆ. ಇವರಿಗೆ ಕೊಂಡುಕೊಡುವ ‘ಇಂಗ್ಲಿಷ್ ಕಲಿಯಿರಿ’ ಪುಸ್ತಕಗಳ ಕೊನೆಯಲ್ಲಿ ನುಡಿಗಟ್ಟುಗಳ ಉದ್ದನೆಯ ಪಟ್ಟಿ ಇರುತ್ತದೆ, ಬಾಯಿಪಾಠಕ್ಕೆ. ಓಡಿಹೋಗುವುದಕ್ಕೆ ಉರ್ದು ‘ನೌ ದೋ ಗ್ಯಾರಾ’ ಎಂದು ಲೆಕ್ಕ ಹೇಳುತ್ತದೆ. ಇಂಗ್ಲಿಷಿನವನು ತನ್ನ ಹಿಮ್ಮಡಿಯನ್ನು ನೆಚ್ಚಿಕೊಳ್ಳುತ್ತಾನೆ. ಮಾನ್ವಿಯ ಹುಡುಗನಿಗೆ ಅದನ್ನು ಉರುಹೊಡೆಸಬೇಕಾಗಿಲ್ಲ. ಕಾಲಿಗೆ ಬುದ್ಧಿ ಹೇಳುವುದು ಅವನಿಗೆ ಬೀದಿಯಲ್ಲೇ ಗೊತ್ತಾಗಿರುತ್ತದೆ.