ಸಿನಿಮಾ ಚರಿತ್ರೆಯನ್ನು ಎಲ್ಲಿಂದ ಶುರು ಮಾಡೋದು?

'ಸಿನಿಮಾ ಬಗ್ಗೆ ಸೀರಿಯಸ್ಸಾಗಿ ತಿಳ್ಕೋಬೇಕು, ಯಾವುದರಿಂದ ಶುರು ಮಾಡ್ಲಿ?' ಅಂತ ನನಗಿಂತ ಚಿಕ್ಕವರು ಆಗಾಗ ಕೇಳ್ತಾರೆ. ಇದಕ್ಕೆ ಇಂಟರ್‌ನೆಟ್ಟಿನಲ್ಲಿ ಸಿದ್ಧ ಉತ್ತರ ಇದ್ದೇ ಇದೆ: ನೋಡಲೇಬೇಕಾದ ನೂರು ಸಿನಿಮಾಗಳ ಪಟ್ಟಿ. ಆ ಪಟ್ಟಿಗಳ ಮೇಲೆ ನನಗೆ ಸಿಟ್ಟೇನಿಲ್ಲ, ಆದರೆ ನಂಬಿಕೆಯೂ ಕಡಿಮೆ. ಅದರಲ್ಲಿ ಇರುವುದು ಉಳಿದುಕೊಂಡ ಸಿನಿಮಾಗಳು ಮಾತ್ರ. ಕತ್ತರಿಗೆ ಸಿಕ್ಕಿದ್ದು, ಬೆಂಕಿಗೆ ಹೋಗಿದ್ದು, ಬೆಳ್ಳಿ ತೆಗೆಯೋಕೆ ಅಂತ ಕರಗಿಸಿದ್ದು ಯಾವ ಪಟ್ಟಿಯಲ್ಲೂ ಬರಲ್ಲ. ಹಾಗಾಗಿ ಇಲ್ಲಿ ಪಟ್ಟಿ ಕೊಡುವ ಬದಲು, ನನಗೆ ಈ ಚರಿತ್ರೆಯನ್ನು ಅರ್ಥ ಮಾಡಿಸಿದ ಕೆಲವು ಪ್ರಕರಣಗಳನ್ನು ಹೇಳುತ್ತೇನೆ.

ಕಸುಬು ಮತ್ತು ವಿಷ

ಪ್ಯಾರಿಸ್‌ನಲ್ಲಿ ಲ್ಯೂಮಿಯೇರ್ ಸಹೋದರರು ಟಿಕೆಟ್ ಇಟ್ಟು ಸಿನಿಮಾ ತೋರಿಸಿದ್ದು 1895ರ ಡಿಸೆಂಬರ್ 28ರಂದು. ಏಳು ತಿಂಗಳೂ ಆಗಿರಲಿಲ್ಲ, 1896ರ ಜುಲೈ 7ಕ್ಕೆ ಅದು ಮುಂಬೈಯ ವಾಟ್ಸನ್ ಹೋಟೆಲಿಗೆ ಬಂದಿತ್ತು. ಈ ತಾರೀಕುಗಳು ಎಲ್ಲ ಪುಸ್ತಕಗಳಲ್ಲೂ ಸಿಗುತ್ತವೆ, ಬಿಡಿ. ನಮ್ಮ ಕಾಲಕ್ಕೆ ಹೆಚ್ಚು ಮುಖ್ಯವಾದ ವರ್ಷ 1915 ಅಂತ ನನ್ನ ಅನಿಸಿಕೆ.

ಆ ವರ್ಷ ಅಮೆರಿಕದಲ್ಲಿ ಡಿ.ಡಬ್ಲ್ಯು. ಗ್ರಿಫಿತ್ 'ದಿ ಬರ್ತ್ ಆಫ್ ಎ ನೇಷನ್' ತೆರೆಗೆ ತಂದ. ಮೂರು ಗಂಟೆಯಷ್ಟು ಉದ್ದದ ಸಿನಿಮಾ. ಕ್ಲೋಸಪ್, ಎರಡು ಜಾಗದ ಘಟನೆಗಳನ್ನು ಒಂದರ ಮೇಲೊಂದು ಜೋಡಿಸಿ ಉಸಿರು ಬಿಗಿಹಿಡಿಸುವ ಎಡಿಟಿಂಗ್, ದೊಡ್ಡ ಯುದ್ಧದ ದೃಶ್ಯಗಳು: ಸಿನಿಮಾ ಭಾಷೆಯ ಎಷ್ಟೋ ಪಟ್ಟುಗಳನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ, ಇಷ್ಟು ಹಿಡಿತದಿಂದ ಬಳಸಿದ್ದನ್ನು ಜನ ಅದುವರೆಗೆ ಕಂಡಿರಲಿಲ್ಲ. ಆದರೆ ಅದರ ಕಥೆಯಲ್ಲಿ ಕು ಕ್ಲಕ್ಸ್ ಕ್ಲಾನ್ ಹೀರೋ. ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರು ಕಪ್ಪು ಜನರನ್ನು ಹೆಣ್ಣಿನ ಮೇಲೆ ಬೀಳುವ ಪಶುಗಳಂತೆ ತೋರಿಸಿದರು. ಅಧ್ಯಕ್ಷ ವುಡ್ರೋ ವಿಲ್ಸನ್‌ಗಾಗಿ ಶ್ವೇತಭವನದಲ್ಲೇ ಪ್ರದರ್ಶನ ನಡೆಯಿತು. ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿ ಊರೂರಲ್ಲಿ ಪ್ರತಿಭಟಿಸಿತು. ಅದೇ ವರ್ಷದ ಕೊನೆಗೆ, ಸತ್ತೇ ಹೋಗಿದ್ದ ಕ್ಲಾನ್ ಜಾರ್ಜಿಯಾದಲ್ಲಿ ಮತ್ತೆ ಹುಟ್ಟಿತು. ಮುಂದೆ ಅದು ಇದೇ ಸಿನಿಮಾವನ್ನು ಸದಸ್ಯರನ್ನು ಸೇರಿಸಲು ಬಳಸಿಕೊಂಡಿತು.

'ರಾಜಕೀಯ ಏನೇ ಇರ್ಲಿ ಗುರು, ಮೇಕಿಂಗ್ ನೋಡು' ಅಂತ ಇವತ್ತೂ ಕೆಲವು ಸಿನಿಮಾಗಳ ಬಗ್ಗೆ ಹೇಳ್ತಾರಲ್ಲ, ಆ ವಾದದ ಅಜ್ಜ ಇದು. ನನ್ನ ಪ್ರಕಾರ ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ಮೇಕಿಂಗ್ ಚೆನ್ನಾಗಿದ್ದಿದ್ದಕ್ಕೇ ಆ ವಿಷ ಅಷ್ಟು ದೂರ ಹರಿಯಿತು. ಕುದುರೆ ಏರಿ ಬರುವ ಕ್ಲಾನ್ ಸವಾರರು ಯಾವಾಗ ತಲುಪುತ್ತಾರೋ ಅಂತ ಪ್ರೇಕ್ಷಕ ಕಾತರಿಸುವಂತೆ ಮಾಡುವುದೇ ಆ ಎಡಿಟಿಂಗಿನ ಕೆಲಸ. ತಂತ್ರವೇ ಅಲ್ಲಿ ಪಕ್ಷ ವಹಿಸುತ್ತದೆ.

ಇದಕ್ಕೊಂದು ಉತ್ತರವೂ ಬಂತು, ಪಟ್ಟಿಗಳಲ್ಲಿ ಅದು ಕಾಣಿಸುವುದು ಅಪರೂಪ. ಆಸ್ಕರ್ ಮಿಶೋ ಎಂಬ ಕಪ್ಪು ನಿರ್ದೇಶಕ 1920ರಲ್ಲಿ 'ವಿದಿನ್ ಅವರ್ ಗೇಟ್ಸ್' ಮಾಡಿದ. ಗುಂಪುಹತ್ಯೆಯನ್ನು, ಕಪ್ಪು ಹೆಣ್ಣಿನ ಮೇಲೆ ಬಿಳಿಯ ಗಂಡಸಿನ ದೌರ್ಜನ್ಯವನ್ನು ತೆರೆಯ ಮೇಲಿಟ್ಟ. ಆ ಸಿನಿಮಾ ದಶಕಗಳ ಕಾಲ ಕಾಣೆಯಾಗಿತ್ತು. ಕೊನೆಗೆ 1970ರ ದಶಕದಲ್ಲಿ ಸ್ಪೇನಿನಲ್ಲಿ ಒಂದು ಪ್ರತಿ ಸಿಕ್ಕಿತು. ಗ್ರಿಫಿತ್‌ನ ಸಿನಿಮಾ ಮಾತ್ರ ಒಂದು ದಿನವೂ ಕಳೆದುಹೋಗಲಿಲ್ಲ.

ನಮ್ಮಲ್ಲಿ ಕಳೆದುಹೋದದ್ದು

ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ'. ನಿರ್ದೇಶನ ವೈ.ವಿ. ರಾವ್. ಶೂಟಿಂಗ್ ನಡೆದಿದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಬೆಂಗಳೂರಿನಲ್ಲಿ ಬಿಡುಗಡೆಯಾಗಿದ್ದು 1934ರ ಮಾರ್ಚ್ 3ರಂದು. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್, ಸುಲೋಚನೆಯಾಗಿ ತ್ರಿಪುರಾಂಬ. ಇಷ್ಟೆಲ್ಲ ಗೊತ್ತು, ಸಿನಿಮಾ ಮಾತ್ರ ಇಲ್ಲ. ದೇಶದ ಮೊದಲ ಟಾಕಿ, 1931ರ 'ಆಲಂ ಆರಾ' ಕೂಡ ಇಲ್ಲ. ನಮ್ಮ ದೇಶದಲ್ಲಿ 1,300ಕ್ಕೂ ಹೆಚ್ಚು ಮೂಕಿ ಚಿತ್ರಗಳು ತಯಾರಾದವು ಎನ್ನುತ್ತಾರೆ. ಪೂರ್ತಿಯಾಗಿಯೋ ತುಂಡುತುಂಡಾಗಿಯೋ ಉಳಿದಿರುವುದು ಬೆರಳೆಣಿಕೆಯ ಡಜನ್ ಅಷ್ಟೇ.

ಕಾರಣ ಸರಳ. ಆ ಕಾಲದ ನೈಟ್ರೇಟ್ ಫಿಲ್ಮ್ ಬಹಳ ಬೇಗ ಬೆಂಕಿ ಹಿಡಿಯುತ್ತದೆ, ನಮ್ಮ ಸೆಕೆಗೆ ಕೊಳೆಯುತ್ತದೆ. ಅದರಲ್ಲಿ ಬೆಳ್ಳಿಯ ಅಂಶ ಇತ್ತು, ಓಟ ಮುಗಿದ ಸಿನಿಮಾಕ್ಕಿಂತ ಆ ಬೆಳ್ಳಿಗೇ ಬೆಲೆ ಜಾಸ್ತಿ. ಪುಣೆಯಲ್ಲಿ ರಾಷ್ಟ್ರೀಯ ಫಿಲ್ಮ್ ಸಂಗ್ರಹಾಲಯ ಶುರುವಾಗಿದ್ದೇ 1964ರಲ್ಲಿ. ಅಷ್ಟೊತ್ತಿಗೆ ತುಂಬಾ ತಡವಾಗಿತ್ತು. ಪಿ.ಕೆ. ನಾಯರ್ ಎಂಬ ಮನುಷ್ಯ ಗೋದಾಮು, ಗುಜರಿ, ಹಳೆ ನಿರ್ಮಾಪಕರ ಮನೆ ಅಲೆದು ರೀಲು ಹುಡುಕಿದರು. ಫಾಲ್ಕೆಯ ಸಿನಿಮಾ ಅಂತ ಇವತ್ತು ನಾವು ಏನು ನೋಡುತ್ತೇವೋ ಅದರ ಹಿಂದೆ ಅವರ ಶ್ರಮ ಇದೆ. ಅವರ ಬಗ್ಗೆ 'ಸೆಲ್ಯುಲಾಯ್ಡ್ ಮ್ಯಾನ್' ಎಂಬ ಸಾಕ್ಷ್ಯಚಿತ್ರ ಬಂದಿದೆ, ಸಿಕ್ಕರೆ ಬಿಡಬೇಡಿ. 2003ರಲ್ಲಿ ಪುಣೆಯಲ್ಲಿ ನೈಟ್ರೇಟ್ ರೀಲುಗಳನ್ನಿಟ್ಟಿದ್ದ ಉಗ್ರಾಣಕ್ಕೇ ಬೆಂಕಿ ಬಿತ್ತು.

ಆದರೆ ಎಲ್ಲ ನಷ್ಟವನ್ನೂ ಸೆಕೆ, ಬೆಂಕಿಯ ತಲೆಗೆ ಕಟ್ಟಬೇಡಿ. ಮಲಯಾಳಂನ ಮೊದಲ ಸಿನಿಮಾ ಜೆ.ಸಿ. ಡೇನಿಯಲ್ ಅವರ ಮೂಕಿಚಿತ್ರ 'ವಿಗತಕುಮಾರನ್'. ನಾಯಕಿ ಪಿ.ಕೆ. ರೋಸಿ, ದಲಿತ ಹೆಣ್ಣುಮಗಳು. ತೆರೆಯ ಮೇಲೆ ಆಕೆ ನಾಯರ್ ಹೆಂಗಸಾಗಿ ಕಾಣಿಸಿಕೊಂಡಿದ್ದನ್ನು ತಿರುವನಂತಪುರದ ಮೇಲ್ಜಾತಿಯ ಪ್ರೇಕ್ಷಕರು ಸಹಿಸಲಿಲ್ಲ. ಗಲಾಟೆ ಮಾಡಿ, ಆಕೆಯನ್ನು ಊರು ಬಿಡಿಸಿದರು. ಉಳಿದ ಬದುಕನ್ನು ರೋಸಿ ತಮಿಳುನಾಡಿನಲ್ಲಿ, ತಾನೊಬ್ಬ ನಟಿ ಎಂಬ ಗುರುತೇ ಇಲ್ಲದೆ ಕಳೆದಳು. ಸಿನಿಮಾದ ಪ್ರತಿಯೂ ಉಳಿದಿಲ್ಲ. ಮಲಯಾಳಂ ಚಿತ್ರರಂಗದ ಮಹಿಳೆಯರ ಒಕ್ಕೂಟ ತನ್ನ ಫಿಲ್ಮ್ ಸೊಸೈಟಿಗೆ ಆಕೆಯ ಹೆಸರಿಟ್ಟಿದೆ. ತೆರೆಯ ಮೇಲೆ ಯಾರು ಯಾರಾಗಿ ಕಾಣಿಸಿಕೊಳ್ಳಬಹುದು ಎನ್ನುವ ಜಗಳ ಚರಿತ್ರೆಯ ಮೊದಲ ಪುಟದಲ್ಲೇ ಇದೆ.

ಕತ್ತರಿ

ಸೆನ್ಸಾರ್ ವಿಷಯಕ್ಕೆ ಬಂದರೆ ನಮ್ಮದೇ 'ಸಂಸ್ಕಾರ' ಸಾಕು. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಆಸ್ಟ್ರೇಲಿಯಾದ ಟಾಮ್ ಕೋವನ್ ಕ್ಯಾಮೆರಾ. ಪ್ರಾಣೇಶಾಚಾರ್ಯನಾಗಿ ಗಿರೀಶ್ ಕಾರ್ನಾಡ್, ನಾರಣಪ್ಪನಾಗಿ ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಜಾತಿ ಭಾವನೆ ಕೆರಳುತ್ತದೆ ಅಂತ ಮದ್ರಾಸಿನ ಸೆನ್ಸಾರ್ ತಡೆಹಿಡಿಯಿತು. ದೆಹಲಿಯವರೆಗೆ ಹೋಗಿ ಅನುಮತಿ ಪಡೆಯಬೇಕಾಯಿತು. 1970ರಲ್ಲಿ ಬಿಡುಗಡೆಯಾದ ಅದೇ ಸಿನಿಮಾಕ್ಕೆ ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣ ಪದಕ ಬಂತು. ಒಂದು ಕೈಲಿ ತಡೆದು ಇನ್ನೊಂದು ಕೈಲಿ ಪದಕ ಕೊಟ್ಟಿದ್ದು ಒಂದೇ ಸರ್ಕಾರ.

ಕಥೆ ಅಲ್ಲಿಗೆ ಮುಗಿಯಲ್ಲ. ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ ಬಂಧಿಸಿ ಬೆಂಗಳೂರು ಜೈಲಿನಲ್ಲಿಟ್ಟರು. ಅವರಿಗೆ ತೀವ್ರ ಆಸ್ತಮಾ ಇತ್ತು. ಆರೋಗ್ಯ ಪೂರ್ತಿ ಕೆಟ್ಟ ಮೇಲೆ ಪರೋಲ್ ಮೇಲೆ ಬಿಟ್ಟರು. ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಕನ್ನಡದ ಹೊಸ ಅಲೆಯ ಬಗ್ಗೆ ಮಾತಾಡುವಾಗ ನಿರ್ದೇಶಕರ ಹೆಸರು ಹತ್ತು ಸಲ ಬರುತ್ತದೆ, ಈಕೆಯ ಹೆಸರು ಅಡಿಟಿಪ್ಪಣಿ. ನನಗೆ ಇದು ಸರಿ ಕಾಣಲ್ಲ.

ಕಾನೂನಿನ ಬಗ್ಗೆ ಎರಡು ಮಾತು. ಸಿನಿಮಾವನ್ನು ಬಿಡುಗಡೆಗೆ ಮೊದಲೇ ಸರ್ಕಾರದ ಮಂಡಳಿ ನೋಡಿ ಒಪ್ಪಬೇಕು ಎನ್ನುವುದು 1952ರ ಸಿನಿಮಾಟೋಗ್ರಾಫ್ ಕಾಯ್ದೆ. ಪತ್ರಿಕೆಗಿಲ್ಲದ ಈ ಪೂರ್ವ ಪರಿಶೀಲನೆ ಸಿನಿಮಾಕ್ಕೆ ಮಾತ್ರ ಯಾಕೆ ಅಂತ ಕೆ.ಎ. ಅಬ್ಬಾಸ್ ಸುಪ್ರೀಂ ಕೋರ್ಟಿಗೆ ಹೋದರು. 1970ರಲ್ಲಿ ಕೋರ್ಟು ಸೆನ್ಸಾರ್ ಪರವಾಗಿಯೇ ತೀರ್ಪು ಕೊಟ್ಟಿತು, ಚಲಿಸುವ ಚಿತ್ರ ಭಾವನೆಗಳನ್ನು ಬೇರೆ ಕಲೆಗಳಿಗಿಂತ ಆಳವಾಗಿ ಕಲಕುತ್ತದೆ ಎಂಬ ಕಾರಣಕ್ಕೆ. ಮಂಡಳಿಯ ನಿರ್ಧಾರದ ವಿರುದ್ಧ ಹೋಗಲು ಮೇಲ್ಮನವಿ ನ್ಯಾಯಮಂಡಳಿ ಒಂದಿತ್ತು. 2021ರಲ್ಲಿ ಅದನ್ನೂ ರದ್ದು ಮಾಡಿದರು, ಈಗ ನೇರ ಹೈಕೋರ್ಟಿಗೇ ಹೋಗಬೇಕು. ಸಣ್ಣ ನಿರ್ಮಾಪಕರಿಗೆ ಅದು ಎಷ್ಟು ದುಬಾರಿ ಅಂತ ನೀವೇ ಲೆಕ್ಕ ಹಾಕಿ. ಒಟಿಟಿ ಬಂದರೆ ಈ ಕಾಟ ಇರಲ್ಲ ಅಂದುಕೊಂಡಿದ್ದೆವು. ತಮಿಳಿನ 'ಅನ್ನಪೂರಣಿ'ಯನ್ನು ದೂರುಗಳ ನಂತರ ನೆಟ್‌ಫ್ಲಿಕ್ಸ್ 2024ರ ಜನವರಿಯಲ್ಲಿ ತೆಗೆದೇ ಹಾಕಿತು. ಅಲ್ಲಿ ಕತ್ತರಿಯ ಶಬ್ದವೂ ಕೇಳಿಸಲಿಲ್ಲ.

ಕಲಿಸಿದವರು

ಸಿನಿಮಾ ಕಲಿಯೋಕೆ ಪುಣೆಗೋ ಪ್ಯಾರಿಸ್‌ಗೋ ಹೋಗಬೇಕು ಅನ್ನುವವರಿಗೆ ಹೆಗ್ಗೋಡು ಉತ್ತರ. ಸಾಗರ ತಾಲೂಕಿನ ಅಡಿಕೆ ತೋಟಗಳ ನಡುವಿನ ಈ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಶುರು ಮಾಡಿತು. ಜಗತ್ತಿನ ಬೇರೆ ಬೇರೆ ಭಾಷೆಗಳ ಕ್ಲಾಸಿಕ್‌ಗಳನ್ನು ಊರವರಿಗೆ ತೋರಿಸಿ, ಅಲ್ಲೇ ಕೂತು ಚರ್ಚೆ ಮಾಡಿಸಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಬಂದು ರಸಗ್ರಹಣ ಶಿಬಿರ ನಡೆಸಿದರು. ರೈತರಿಗೆ, ಮೇಷ್ಟ್ರಿಗೆ ಇಂಥ ಸಿನಿಮಾ ಅರ್ಥವಾಗಲ್ಲ ಎಂಬ ಪಟ್ಟಣದವರ ಅಹಂಕಾರವನ್ನು ಆ ಊರು ಸುಳ್ಳು ಮಾಡಿತು. ಬೆಂಗಳೂರಿನ ಸುಚಿತ್ರಾ ಫಿಲ್ಮ್ ಸೊಸೈಟಿಯೂ ಅದೇ ದಶಕದ ಕೂಸು. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಬಂದಿದ್ದೂ ಇದೇ ಹವೆಯಲ್ಲಿ. ಅದರ ಮರುಸಂಸ್ಕರಿಸಿದ ಪ್ರತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶನ ಕಂಡಿತು.

ಒಂದು ತಕರಾರು ಮಾತ್ರ ಇದೆ. ನಮ್ಮ ಹೊಸ ಅಲೆಯ ಬಹಳಷ್ಟು ಸಿನಿಮಾ ಅಗ್ರಹಾರದ ಒಳಗೆ ನಿಂತು ಅಗ್ರಹಾರವನ್ನು ಬೈದ ಸಿನಿಮಾ. ಬೈಗುಳ ಪ್ರಾಮಾಣಿಕವೇ. 'ಚೋಮನ ದುಡಿ' (1975) ದಲಿತನ ಭೂಮಿಯ ಹಂಬಲವನ್ನು ಹೇಳಿತು, ವಾಸುದೇವ ರಾವ್ ಅದ್ಭುತವಾಗಿ ನಟಿಸಿದರು. ಆದರೂ ಕ್ಯಾಮೆರಾ ಹಿಡಿದ ಕೈ ಚೋಮನದಲ್ಲ. ಆ ಕೈ ಬದಲಾದಾಗ ಏನಾಗುತ್ತದೆ ಅಂತ ನೋಡಬೇಕಾದರೆ ನಾಗರಾಜ ಮಂಜುಳೆಯವರ ಮರಾಠಿ ಸಿನಿಮಾ 'ಫಂಡ್ರಿ' (2013) ನೋಡಿ.

ಅದರಲ್ಲೊಂದು ದೃಶ್ಯ. ಹುಡುಗ ಜಬ್ಯಾನ ಮನೆಮಂದಿ ಊರಿನ ಹಂದಿ ಹಿಡಿಯುತ್ತಿದ್ದಾರೆ. ಹಂದಿ ಇನ್ನೇನು ಸಿಕ್ಕೇಬಿಟ್ಟಿತು ಅನ್ನುವಾಗ ಪಕ್ಕದ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಜಬ್ಯಾ ನೆಟ್ಟಗೆ ನಿಲ್ಲುತ್ತಾನೆ, ಅಪ್ಪನೂ ನಿಲ್ಲುತ್ತಾನೆ. ಹಂದಿ ತಪ್ಪಿಸಿಕೊಂಡು ಹೋಗುತ್ತದೆ. ಮುಂದೆ ಸತ್ತ ಹಂದಿಯನ್ನು ಹೊತ್ತು ಸಾಗುವ ಹಾದಿಯಲ್ಲಿ ಶಾಲೆಯ ಗೋಡೆ, ಗೋಡೆಯ ಮೇಲೆ ಅಂಬೇಡ್ಕರ್, ಫುಲೆ ದಂಪತಿಯ ಚಿತ್ರ. ಒಂದು ಡೈಲಾಗೂ ಇಲ್ಲ. ಇದನ್ನು ಮೊದಲು ಸುಮ್ಮನೆ ನೋಡಿ. ಎರಡನೇ ಸಲ ಸೌಂಡ್ ಆಫ್ ಮಾಡಿ, ಕ್ಯಾಮೆರಾ ಎಲ್ಲಿ ನಿಂತಿದೆ, ಯಾರ ಹತ್ತಿರ ಇದೆ, ಎಷ್ಟು ಹೊತ್ತು ಕಾಯುತ್ತದೆ ಅಂತ ಗಮನಿಸಿ. ಮೂರನೇ ಸಲ ಕಣ್ಣು ಮುಚ್ಚಿ ಬರೀ ಶಬ್ದ ಕೇಳಿ. ಹತ್ತು ಸಿನಿಮಾ ಓಡಿಸಿ ನೋಡುವುದಕ್ಕಿಂತ ಒಂದು ದೃಶ್ಯವನ್ನು ಹೀಗೆ ನೋಡುವುದರಿಂದ ನಾನು ಹೆಚ್ಚು ಕಲಿತಿದ್ದೇನೆ.

ಎಲ್ಲಿ ಸಿಗುತ್ತವೆ

ಗ್ರಿಫಿತ್, ಮಿಶೋ, ಐಸೆನ್‌ಸ್ಟೈನ್‌ರ ಮೂಕಿಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕುಸ್ವಾಮ್ಯ 60 ವರ್ಷ. ಅಂದರೆ 1954ರ 'ಬೇಡರ ಕಣ್ಣಪ್ಪ' ಈಗ ಎಲ್ಲರ ಸ್ವತ್ತು. ಆದರೆ ಹಕ್ಕು ಮುಕ್ತವಾದ ಮಾತ್ರಕ್ಕೆ ಒಳ್ಳೆಯ ಪ್ರತಿ ಸಿಗುತ್ತದೆ ಅಂತೇನಿಲ್ಲ. ಬಿಡುಗಡೆಯಾದ ಪ್ರತಿ ಸಿನಿಮಾದ ಒಂದು ಪ್ರತಿಯನ್ನು ಸಂಗ್ರಹಾಲಯಕ್ಕೆ ಕೊಡಲೇಬೇಕು ಎಂಬ ಕಾನೂನು, ಪುಸ್ತಕಗಳಿಗೆ ಇರುವಂತೆ, ಸಿನಿಮಾಕ್ಕೆ ಇಲ್ಲ. ಕೇಳಬೇಕಾದ ಬೇಡಿಕೆ ಇದು.

ಇನ್ನೊಂದು ಸಂಗ್ರಹ ನಿಮ್ಮ ಮನೆಯಲ್ಲೇ ಇರಬಹುದು. ಟೂರಿಂಗ್ ಟಾಕೀಸ್ ಟೆಂಟಿನಲ್ಲಿ ಸಿನಿಮಾ ನೋಡಿದ ಅಜ್ಜ ಅಜ್ಜಿ ಇದ್ದರೆ ಕೂತು ಮಾತಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಯಾವ ಸಿನಿಮಾ, ಎಷ್ಟು ಟಿಕೆಟ್ಟು ಅಂತಷ್ಟೇ ಅಲ್ಲ. ನೆಲದಲ್ಲಿ ಯಾರು ಕೂರುತ್ತಿದ್ದರು, ಬೆಂಚಿನಲ್ಲಿ ಯಾರು, ಕುರ್ಚಿ ಯಾರಿಗೆ, ಹೆಂಗಸರು ಯಾವ ಕಡೆ, ಯಾರನ್ನು ಒಳಗೆ ಬಿಡುತ್ತಿರಲಿಲ್ಲ ಅಂತ ಕೇಳಿ. ಟೆಂಟಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ಟ್ರಂಕಿನ ತಳದಲ್ಲಿ ಇದೆಯಾ ಅಂತಲೂ ಒಮ್ಮೆ ನೋಡಿ.