ಅಂಗಡಿ, ಗಾರ್ಮೆಂಟ್ಸ್‌ನಲ್ಲಿ ಸಿಸಿಟಿವಿ: ಮಾಲೀಕರು, ಕೆಲಸಗಾರರು ತಿಳಿದಿರಬೇಕಾದ ನಿಯಮಗಳು

ಚಿಕ್ಕಬಳ್ಳಾಪುರ: ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕ, ಚಿಂತಾಮಣಿಯ ಮಂಡಿ, ಗೌರಿಬಿದನೂರಿನ ಗಾರ್ಮೆಂಟ್ಸ್, ಜಿಲ್ಲಾ ಕೇಂದ್ರದ ಬಟ್ಟೆ ಅಂಗಡಿ ಎಲ್ಲೇ ಹೋದರೂ ಕ್ಯಾಮೆರಾ ಈಗ ಹೊಸದಲ್ಲ. ಮಾಲೀಕರಿಗೆ ಕಳ್ಳತನದ ಭಯ. ಕೆಲಸದವರಿಗೆ ‘ಊಟ ಮಾಡೋವಾಗಲೂ ನೋಡ್ತಾರಾ’ ಅನ್ನೋ ಮುಜುಗರ. ಕಾನೂನು ಏನು ಹೇಳುತ್ತೆ? ಇಲ್ಲಿದೆ ಮಾಹಿತಿ.

ಯಾರಿಗೆ ಕಡ್ಡಾಯ?
2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಪ್ರಕಾರ ಒಂದೇ ಸಲಕ್ಕೆ 100 ಅಥವಾ ದಿನಕ್ಕೆ 500 ಜನ ಸೇರುವ ಅಂಗಡಿ, ಕಾರ್ಖಾನೆ, ಆಸ್ಪತ್ರೆ, ಶಾಲೆಗಳು ಕ್ಯಾಮೆರಾ ಹಾಕಲೇಬೇಕು. ದೃಶ್ಯವನ್ನು 30 ದಿನ ಇಟ್ಟುಕೊಂಡಿರಬೇಕು, ಪೊಲೀಸರು ಕೇಳಿದಾಗ ಕೊಡಬೇಕು. ಚಿಕ್ಕ ಅಂಗಡಿಯವರು ಹಾಕೋದು ಅವರಿಷ್ಟ.

ಎಲ್ಲಿ ಹಾಕುವಂತಿಲ್ಲ?
ಶೌಚಾಲಯ, ಬಟ್ಟೆ ಬದಲಿಸುವ ಕೋಣೆಗಳ ಹತ್ತಿರ ಕ್ಯಾಮೆರಾ ಸುಳಿಯಲೂ ಬಾರದು. ಮಹಿಳೆಯ ಖಾಸಗಿ ಕ್ಷಣ ಚಿತ್ರೀಕರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಅಡಿ ಮೊದಲ ಸಲಕ್ಕೇ 1ರಿಂದ 3 ವರ್ಷ ಜೈಲು, ಜೊತೆಗೆ ದಂಡ.

ಬೆರಳಚ್ಚು, ಮುಖ ಹಾಜರಾತಿ
ನಿವೃತ್ತ ನ್ಯಾಯಮೂರ್ತಿ ಕೆ.ಎಸ್.ಪುಟ್ಟಸ್ವಾಮಿ ಅವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳ ಜಾರಿಗೆ 18 ತಿಂಗಳ ಕಾಲಾವಕಾಶವಿದೆ.

ಕೆಲಸದ ಉದ್ದೇಶಕ್ಕೆ, ನಷ್ಟ ತಡೆಯೋದಕ್ಕೆ ಸಿಬ್ಬಂದಿಯ ಮಾಹಿತಿಯನ್ನು ಒಪ್ಪಿಗೆ ಕೇಳದೆ ಬಳಸಲು ಈ ಕಾಯ್ದೆ ಮಾಲೀಕರಿಗೆ ಅವಕಾಶ ಕೊಡುತ್ತೆ. ಕೆಲಸಗಾರರು ಇದನ್ನು ಗಮನಿಸಬೇಕು. ಆದರೆ ಆ ಮಾಹಿತಿ ಸೋರದಂತೆ ಕಾಯುವ ಹೊಣೆ ಮಾಲೀಕರದ್ದೇ. ಭದ್ರತೆಯಲ್ಲಿ ತಪ್ಪಿದರೆ ದಂಡ 250 ಕೋಟಿ ರೂ.ವರೆಗೂ ಹೋಗಬಹುದು. ಪುಸ್ತಕದಲ್ಲಿ ಬರೆದಿಡುವ ಹಾಜರಿಗೆ ಈ ಕಾಯ್ದೆ ಅನ್ವಯಿಸಲ್ಲ.

ಅಂಗಡಿಯವರು ಏನು ಮಾಡಬಹುದು?
* ‘ಇಲ್ಲಿ ಕ್ಯಾಮೆರಾ ಇದೆ’ ಎಂದು ಕನ್ನಡದಲ್ಲಿ ಬೋರ್ಡ್ ಹಾಕಿ.
* ಗಲ್ಲಾ, ಬಾಗಿಲು, ಗೋದಾಮಿನ ಕಡೆಗಷ್ಟೇ ಕ್ಯಾಮೆರಾ ತಿರುಗಿಸಿ. ಊಟದ ಜಾಗ ಬಿಟ್ಟುಬಿಡಿ.
* ಫಿಟ್ ಮಾಡಿದವರು ಕೊಟ್ಟ ಪಾಸ್‌ವರ್ಡ್ ಅವತ್ತೇ ಬದಲಿಸಿ.
* ಕಳ್ಳತನದ ಅನುಮಾನ ಬಂದರೆ ವಿಡಿಯೊ ಪೊಲೀಸರಿಗೆ ಕೊಡಿ, ವಾಟ್ಸ್ಆ್ಯಪ್ ಗ್ರೂಪಿಗಲ್ಲ. ಅನುಮಾನ ಸುಳ್ಳಾದರೆ ಹೋದ ಮಾನ ವಾಪಸ್ ಬರಲ್ಲ.

ದೂರು ಎಲ್ಲಿ?
ಕ್ಯಾಮೆರಾ ನೆಪದಲ್ಲಿ ಲೈಂಗಿಕ ಕಿರುಕುಳವಾದರೆ, 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿಗೆ, ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಮಹಿಳೆಯರು ದೂರು ಕೊಡಬಹುದು. ಮಹಿಳಾ ಸಹಾಯವಾಣಿ 181, ತುರ್ತು ಇದ್ದರೆ 112.