ನಿಲೋಫರ್ ಕೇಳಿದ ಪ್ರಶ್ನೆ

1982ರ ಸೆಪ್ಟೆಂಬರಿನಲ್ಲಿ ತೆರೆಕಂಡ ಬಿ.ಆರ್. ಚೋಪ್ರಾ ಅವರ ‘ನಿಕಾಹ್’ ಚಿತ್ರವನ್ನು ನಾವು ಎರಡು ಕಾರಣಗಳಿಗೆ ನೆನಪಿಟ್ಟುಕೊಂಡಿದ್ದೇವೆ. ಒಂದು ಅದರ ಹಾಡುಗಳು, ಇನ್ನೊಂದು ತಲಾಖ್. ರವಿಯವರ ಸಂಗೀತ, ನಾಯಕಿ ಸಲ್ಮಾ ಆಗಾ ತಾವೇ ಹಾಡಿದ ಗೀತೆಗಳು, ಗುಲಾಂ ಅಲಿಯವರ ಕಂಠದಲ್ಲಿ ಮೌಲಾನಾ ಹಸ್ರತ್ ಮೊಹಾನಿಯವರ ಗಝಲ್ ಇಂದಿಗೂ ಹಳತಾಗಿಲ್ಲ. ಚಿತ್ರಕ್ಕೆ ಮೊದಲು ‘ತಲಾಖ್ ತಲಾಖ್ ತಲಾಖ್’ ಎಂದೇ ಹೆಸರಿಡುವವರಿದ್ದರಂತೆ. ಸಿನಿಮಾ ನೋಡಿ ಬಂದ ಗಂಡ ಹೆಂಡತಿಗೆ ಅದರ ಹೆಸರು ಹೇಳಿದರೆ ಗತಿಯೇನು ಎಂದು ಯಾರೋ ತಮಾಷೆ ಮಾಡಿದ್ದರಿಂದ ಹೆಸರು ಬದಲಾಯಿತೆಂದು ಹೇಳುತ್ತಾರೆ. ಆದರೆ ಚಿತ್ರದ ತಿರುಳು ಆ ಮೂರು ಮಾತುಗಳಲ್ಲಿಲ್ಲ. ಅದು ಕೊನೆಯ ದೃಶ್ಯದಲ್ಲಿದೆ. ನಾವು ಮರೆತದ್ದು ಅದನ್ನೇ.

ಕಥೆ ಹೀಗಿದೆ. ವಿಶ್ವವಿದ್ಯಾಲಯದ ಸಹಪಾಠಿ ಹೈದರ್ ನಿಲೋಫರ್‌ಳನ್ನು ಮನಸ್ಸಿನಲ್ಲೇ ಪ್ರೀತಿಸುತ್ತಾನೆ. ಆಕೆಯ ನಿಶ್ಚಯ ಆಗಲೇ ವಸೀಮ್‌ನೊಂದಿಗೆ ಆಗಿರುತ್ತದೆ. ಮದುವೆಯಾದ ಮೇಲೆ ವಸೀಮ್‌ಗೆ ವ್ಯಾಪಾರವೇ ಸರ್ವಸ್ವ, ಮನೆಯಲ್ಲಿ ಹೆಂಡತಿ ಒಂಟಿ. ಮದುವೆಯ ವಾರ್ಷಿಕೋತ್ಸವಕ್ಕೆ ಅತಿಥಿಗಳನ್ನು ಕರೆದು ಅವನೇ ಬಾರದೆ ಹೋದಾಗ ಎದ್ದ ಜಗಳ ತಲಾಖ್‌ನಲ್ಲಿ ಮುಗಿಯುತ್ತದೆ. ಮುಂದೆ ಹೈದರ್ ಆಕೆಯನ್ನು ವರಿಸುತ್ತಾನೆ. ಪಶ್ಚಾತ್ತಾಪದಿಂದ ಬೆಂದ ವಸೀಮ್‌ಗೆ ಆಕೆ ಮತ್ತೆ ಬೇಕೆನಿಸುತ್ತಾಳೆ. ಆಕೆಯ ಮನಸ್ಸು ಇನ್ನೂ ಮೊದಲ ಗಂಡನಲ್ಲೇ ಇದೆಯೆಂದು ತಪ್ಪು ತಿಳಿದ ಹೈದರ್, ವಸೀಮ್‌ನನ್ನು ಮನೆಗೆ ಕರೆತಂದು, ತಲಾಖ್ ಕೊಟ್ಟು ಆಕೆಯನ್ನು ಒಪ್ಪಿಸಲು ಸಿದ್ಧನಾಗುತ್ತಾನೆ. ಆಗ ನಿಲೋಫರ್ ಬಾಯಿ ತೆರೆಯುತ್ತಾಳೆ. ಒಬ್ಬ ಸಿಟ್ಟಿನಲ್ಲಿ ಹೊರಗೆ ಹಾಕಿದ, ಇನ್ನೊಬ್ಬ ಔದಾರ್ಯದಲ್ಲಿ ದಾನಕ್ಕಿಟ್ಟ. ತನ್ನನ್ನು ಮಾತ್ರ ಇಬ್ಬರೂ ಕೇಳಲಿಲ್ಲ ಎಂಬುದು ಆಕೆಯ ಮಾತಿನ ಸಾರ. ಅವಳು ಹೈದರ್‌ನ ಜೊತೆ ಉಳಿಯುವುದು ತನ್ನ ಸ್ವಂತ ಆಯ್ಕೆಯಿಂದ.

ಈ ಮಾತಿನ ತೂಕ ತಿಳಿಯಬೇಕಾದರೆ 22 ವರ್ಷ ಹಿಂದೆ ಹೋಗಬೇಕು. 1960ರಲ್ಲಿ ಎಂ. ಸಾದಿಕ್ ನಿರ್ದೇಶಿಸಿದ ‘ಚೌದವೀಂ ಕಾ ಚಾಂದ್’ ಬಂತು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಅದರ ನಿರ್ಮಾಪಕರೂ ಹೌದು, ನಾಯಕ ಅಸ್ಲಂ ಪಾತ್ರಧಾರಿಯೂ ಹೌದು. ಲಖನೌದ ಬುರ್ಖಾದ ಮರೆಯಲ್ಲಿ ಕಂಡ ಹೆಣ್ಣಿಗೆ ಅಸ್ಲಂನ ಗೆಳೆಯ ಮನಸೋಲುತ್ತಾನೆ. ಆಕೆಯೇ ತನ್ನ ಹೆಂಡತಿ ಜಮೀಲಾ ಎಂದು ಅಸ್ಲಂಗೆ ಗೊತ್ತಾಗುತ್ತದೆ. ಗೆಳೆತನದ ಋಣ ತೀರಿಸಲು ಅವನು ಹೆಂಡತಿಯಿಂದ ಬಿಡುಗಡೆ ಪಡೆಯಲು ಹವಣಿಸುತ್ತಾನೆ. ಸತ್ಯ ತಿಳಿದ ಗೆಳೆಯ ವಜ್ರ ನುಂಗಿ ಪ್ರಾಣ ಬಿಡುತ್ತಾನೆ. ಗಂಡಸರಿಬ್ಬರ ತ್ಯಾಗಕ್ಕೆ ಪ್ರೇಕ್ಷಕರು ಕಣ್ಣೀರು ಹಾಕಿದರು. ಜಮೀಲಾಳ ಇಚ್ಛೆಯೇನು ಎಂಬುದು ಪ್ರಶ್ನೆಯೇ ಆಗಲಿಲ್ಲ. ಹೈದರ್ ಮಾಡಹೊರಟದ್ದು ಅಸ್ಲಂನ ತ್ಯಾಗವನ್ನೇ. 1960ರಲ್ಲಿ ಸದ್ಗುಣವೆನಿಸಿದ್ದನ್ನು 1982ರಲ್ಲಿ ಒಬ್ಬ ಹೆಣ್ಣು ಅವಮಾನವೆಂದು ಕರೆದಳು.

ಆ ಮಾತನ್ನು ಬರೆದವರೂ ಒಬ್ಬ ಮಹಿಳೆಯೇ. ಹಿಂದಿಯ ಹಿರಿಯ ಕಾದಂಬರಿಕಾರ ಅಮೃತಲಾಲ್ ನಾಗರ್ ಅವರ ಮಗಳು ಅಚಲಾ ನಾಗರ್ ಬರೆದ ಸಂಭಾಷಣೆಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಹಿಂದೂ ವಿಧವೆಯ ಮರುಮದುವೆಯನ್ನು 1956ರ ‘ಏಕ್ ಹಿ ರಾಸ್ತಾ’ದಲ್ಲಿ ಚರ್ಚಿಸಿದ್ದವರು ಚೋಪ್ರಾ. ಆದ್ದರಿಂದ ಅವರು ಮುಸ್ಲಿಮರ ಮನೆಗೆ ಮಾತ್ರ ಕೈ ತೋರಿಸಿದರು ಎನ್ನಲಾಗದು. ಹಾಗೆಂದು ದೂರೇ ಇಲ್ಲವೆಂದಲ್ಲ. ಈ ಚಿತ್ರ ನೋಡಿದವರಲ್ಲಿ ಹಲವರು ತಲಾಖ್ ಎಂದರೆ ಒಂದು ರಾತ್ರಿಯ ಕೋಪ ಎಂದುಕೊಂಡು ಮನೆಗೆ ಹೋದರು. ಎರಡೂ ಕಡೆಯ ಹಿರಿಯರು ಪಂಚಾಯಿತಿಗೆ ಕೂರಬೇಕು, ಇದ್ದತ್‌ನ ಅವಧಿಯಲ್ಲಿ ಮರಳಿ ಕೂಡಲು ಅವಕಾಶವಿರಬೇಕು ಎಂಬ ಕುರ್‌ಆನಿನ ಕ್ರಮ ಅವರಿಗೆ ತಿಳಿಯಲಿಲ್ಲ. ಎಷ್ಟೋ ವಸೀಮ್‌ಗಳಿಗೂ ತಿಳಿದಿರಲಿಲ್ಲ ಎಂಬುದು ಇನ್ನೂ ದೊಡ್ಡ ದುಃಖ.

ಅದೇ ವರ್ಷಗಳಲ್ಲಿ ಕನ್ನಡದಲ್ಲಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಬಂತು. ಅಲ್ಲಿನ ನಾದಿರಾಳ ತಲಾಖ್‌ಗೆ ಅಪ್ಪನ ಹಟ ಕಾರಣ. ಮತ್ತೆ ಗಂಡನ ಬಳಿಗೆ ಹೋಗಬೇಕಾದರೆ ನಡುವೆ ಒಂದು ರಾತ್ರಿಯ ಮದುವೆ. ನಿಲೋಫರ್‌ಗೆ ಓದಿತ್ತು, ಮಾತಿತ್ತು. ನಾದಿರಾ ಮಸೀದಿಯ ಕೆರೆಗೆ ಬಿದ್ದಳು.

ಕಾನೂನಿನ ದಾರಿ ಬೇರೆಯಾಗಿ ನಡೆಯಿತು. ಬೇಡದ ಮದುವೆಯಿಂದ ಪಾರಾಗಲು ಕೆಲವು ಹೆಣ್ಣುಮಕ್ಕಳು ಧರ್ಮವನ್ನೇ ಬಿಡತೊಡಗಿದ ಕಾಲದಲ್ಲಿ, 1931ರಲ್ಲಿ, ಹನಫಿ ಆಲಿಮರಾದ ಮೌಲಾನಾ ಅಶ್ರಫ್ ಅಲಿ ಥಾನವಿಯವರೇ ಮಾಲಿಕಿ ಮಝ್‌ಹಬಿನ ಆಧಾರದಿಂದ ಬಿಡುಗಡೆಯ ದಾರಿ ತೋರಿದರು. ಅದು 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಗೆ ಹಾದಿಯಾಯಿತು. 1985ರ ಏಪ್ರಿಲಿನಲ್ಲಿ ಇಂದೋರಿನ ಶಾಬಾನು ಪ್ರಕರಣದ ತೀರ್ಪು ಬಂತು. ತಿಂಗಳಿಗೆ 179 ರೂಪಾಯಿ 20 ಪೈಸೆ ಜೀವನಾಂಶದ ಆ ಮೊಕದ್ದಮೆ ದೇಶವನ್ನೇ ಅಲುಗಾಡಿಸಿತು. 1986ರಲ್ಲಿ ಹೊಸ ಕಾಯ್ದೆಯಾಯಿತು. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ 3-2 ಬಹುಮತದಿಂದ ಒಂದೇ ಉಸಿರಿನ ತ್ರಿವಳಿ ತಲಾಖನ್ನು ರದ್ದುಪಡಿಸಿತು. 2019ರ ಕಾಯ್ದೆ ಅದಕ್ಕೆ ಮೂರು ವರ್ಷಗಳವರೆಗೆ ಜೈಲು ವಿಧಿಸಿತು. ಇಂದು ವಸೀಮ್‌ನ ಮಾತಿಗೆ ಕಾನೂನಿನ ಬೆಲೆಯಿಲ್ಲ. ಆದರೆ ಹೈದರ್‌ನ ತಪ್ಪಿಗೆ ಯಾವ ಕಾನೂನೂ ಇಲ್ಲ. ಆಕೆಯ ಒಳಿತಿಗೆಂದೇ ಆಕೆಯನ್ನು ಕೇಳದೆ ತೀರ್ಮಾನಿಸುವ ಅಪ್ಪ, ಅಣ್ಣ, ಜಮಾಅತ್, ಗಂಡ ಎಲ್ಲರೂ ಆ ಸಾಲಿನವರೇ.

ಉತ್ತರ ನಮ್ಮ ನಿಕಾಹ್‌ನೊಳಗೇ ಇದೆ. ವಕೀಲರೂ ಸಾಕ್ಷಿಗಳೂ ಒಳಮನೆಗೆ ಹೋಗಿ ಹುಡುಗಿಯನ್ನು ಕೇಳದೆ ಹೊರಗೆ ಖಾಝಿಯವರು ಖುತ್ಬಾ ಓದುವುದಿಲ್ಲ. ಮಹರ್ ಆಕೆಯದು. ಖುಲಾ ಕೇಳುವ ಹಕ್ಕು ಆಕೆಯದು. ತಲಾಖ್‌ನ ಅಧಿಕಾರವನ್ನು ಹೆಂಡತಿಗೂ ವಹಿಸುವ ಷರತ್ತನ್ನು ನಿಕಾಹ್‌ನಾಮಾದಲ್ಲಿ ಬರೆಸಲು ಹನಫಿ ಫಿಖ್ಹ್‌ನಲ್ಲೂ ಅವಕಾಶವಿದೆ. ಶಾದಿ ಮಹಲಿನ ಬಾಡಿಗೆ, ಬಿರಿಯಾನಿಯ ದೇಗ್‌ಗಳ ಲೆಕ್ಕವನ್ನು ತಿಂಗಳುಗಟ್ಟಲೆ ಹಾಕುವ ನಾವು, ಆ ಒಂದು ಹಾಳೆಯನ್ನು ಮಗಳ ಮುಂದಿಟ್ಟು ಓದಿ ಹೇಳಲು ಒಂದು ಸಂಜೆಯನ್ನಾದರೂ ಕೊಡಬಾರದೇ?